ರಕ್ತ ಕೊಡುವ ಮುನ್ನ ಸತ್ಯ ಹೇಳೋಣ
(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮವೆಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಹೆರಿಗೆಯಾದ ಬಳಿಕ ರಕ್ತಸ್ರಾವವು ನಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ತಾಯಿಯ ಪ್ರಾಣಕ್ಕೆ ಅಪಾಯವೊದಗಬಹುದು. ಅಂತಹ ಸಮಯದಲ್ಲಿ ಔಷಧಿಯೊಡನೆ ರಕ್ತವೂ ಬೇಕಾಗುತ್ತದೆ. ಅದನ್ನು ಒಬ್ಬ ಮನುಷ್ಯನು ಮತ್ತೊಬ್ಬನಿಗೆ ಕೊಡಬೇಕೇ ಹೊರತು ಕಾರ್ಖಾನೆಯಲ್ಲಿ ತಯಾರಿಸಲಾಗದು.

ಆದರೆ ಪ್ರಾಣವನ್ನು ಉಳಿಸುವ ರಕ್ತವು ರೋಗವನ್ನೂ ಹೊತ್ತು ತರಬಲ್ಲುದು. ಆದುದರಿಂದ ದಾನವಾಗಿ ಬಂದ ಪ್ರತಿಯೊಂದು ಚೀಲದ ರಕ್ತವನ್ನೂ ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ ಎಂಬ ಐದು ಸೋಂಕುಗಳಿಗಾಗಿ ಪರೀಕ್ಷಿಸಲೇಬೇಕೆಂದು ನಮ್ಮ ದೇಶದಲ್ಲಿ ನಿಯಮವಿದೆ. ಹಿಂದೆ ಹಣಕ್ಕಾಗಿ ರಕ್ತ ಮಾರುವವರಿದ್ದರು. ಬಡತನದಿಂದಾಗಿ ಅವರು ರೋಗವನ್ನು ಮರೆಮಾಚುತ್ತಿದ್ದುದೂ ಉಂಟು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ, 1998ರ ಜನವರಿ 1ರಿಂದ ಆ ಪದ್ಧತಿಯನ್ನು ನಿಷೇಧಿಸಲಾಯಿತು.

ಪರೀಕ್ಷೆಯಿರುವಾಗ ಭಯವೇಕೆಂದು ತಾವು ಕೇಳಬಹುದು. ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಪರೀಕ್ಷೆಗೆ ಅದು ಕಾಣಿಸದೆ ಹೋಗಬಹುದು. ಆದರೆ ರಕ್ತದ ಮೂಲಕ ಇನ್ನೊಬ್ಬರಿಗೆ ಹರಡಬಲ್ಲುದು. ಆ ಅವಧಿಯಲ್ಲಿ ದಾನಿಯ ಸತ್ಯವಚನವೇ ರೋಗಿಗೆ ಕಾವಲು. ಕಾಮಾಲೆಯಾಗಿತ್ತೇ, ಈಚೆಗೆ ಮಲೇರಿಯಾ ಜ್ವರ ಬಂದಿತ್ತೇ, ಹಚ್ಚೆ ಹಾಕಿಸಿಕೊಂಡಿರುವಿರಾ, ದಾಂಪತ್ಯದ ಹೊರಗೆ ಸಂಬಂಧವಿತ್ತೇ ಎಂದು ರಕ್ತನಿಧಿಯಲ್ಲಿ ಕೇಳುವುದು ಅವಮಾನಿಸಲೆಂದಲ್ಲ. ತಮ್ಮ ಉತ್ತರವನ್ನು ಅವರು ಗುಟ್ಟಾಗಿಡುತ್ತಾರೆ.

ಹೆಂಡತಿಯು ಹೆರಿಗೆ ಕೋಣೆಯಲ್ಲಿರುವಾಗ, ಬಂಧುಗಳೆಲ್ಲರ ಮುಂದೆ ಹಿಂಜರಿಯಲಾರದೆ ಗಂಡನು ಮೌನವಾಗಿ ತೋಳು ಚಾಚುವುದುಂಟು. ಸೋದರರೇ, ಸಂಶಯವಿದ್ದರೆ ವೈದ್ಯರೊಡನೆ ಏಕಾಂತದಲ್ಲಿ “ನನ್ನ ರಕ್ತ ಬೇಡ” ಎಂದು ಹೇಳಿರಿ. ಅದರಲ್ಲಿ ಹೇಡಿತನವಿಲ್ಲ. ಮನೆಯ ಹಿರಿಯರೂ ಗಂಡನನ್ನು ಬಲವಂತಪಡಿಸಬಾರದು. ಇನ್ನೂ ಮಕ್ಕಳನ್ನು ಹೆರುವ ವಯಸ್ಸಿನ ಹೆಂಡತಿಗೆ, ಗಂಡನು ಆರೋಗ್ಯವಂತನಾಗಿದ್ದರೂ, ಸಾಧ್ಯವಾದಷ್ಟು ಮಟ್ಟಿಗೆ ಅವನ ರಕ್ತವನ್ನು ಕೊಡದಿರುವುದೇ ಲೇಸು. ಅದರಿಂದ ಅವಳ ದೇಹದಲ್ಲಿ ಉಂಟಾಗುವ ಪ್ರತಿರೋಧವು ಮುಂದಿನ ಕೂಸಿಗೆ ತೊಂದರೆ ತರಬಹುದು. ಆರೋಗ್ಯವಂತನಾದ ಗಂಡನು ರಕ್ತನಿಧಿಗೆ ದಾನ ಮಾಡಲಿ. ಅದು ಮತ್ತೊಬ್ಬ ತಾಯಿಗೆ ನೆರವಾಗುವುದು.

ತನಗೆ ರೋಗವಿದೆಯೇ ಎಂದು ತಿಳಿಯಲು ರಕ್ತದಾನ ಮಾಡುವುದು ತಪ್ಪು. ಎಚ್.ಐ.ವಿ. ಪರೀಕ್ಷೆಯನ್ನು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ, ಗುಟ್ಟಾಗಿ ಮಾಡುತ್ತಾರೆ. ಗರ್ಭಿಣಿಯೊಡನೆ ಗಂಡನೂ ಹೋಗಿ ಪರೀಕ್ಷಿಸಿಕೊಳ್ಳುವುದು ಉತ್ತಮ.

ಆದುದರಿಂದ ಹೆರಿಗೆಯ ದಿನದವರೆಗೆ ಕಾಯಬೇಡಿರಿ. ಗರ್ಭಿಣಿಯ ರಕ್ತದ ಗುಂಪನ್ನು ಮೊದಲೇ ತಿಳಿದುಕೊಳ್ಳಿರಿ. ಅವಳು ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಲಿ. ಊರಿನಲ್ಲಿ 18ರಿಂದ 65 ವರ್ಷದೊಳಗಿನ, 45 ಕಿಲೋಗ್ರಾಂಗಿಂತ ಕಡಿಮೆ ತೂಕವಿಲ್ಲದ ಆರೋಗ್ಯವಂತರು ಮುಂಚಿತವಾಗಿಯೇ ರಕ್ತದಾನ ಮಾಡಲಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಗರ್ಭಿಣಿಯರೂ ಎದೆಹಾಲುಣಿಸುವ ತಾಯಂದಿರೂ ಕೊಡಬಾರದು.

ರಕ್ತದಾನವು ಪುಣ್ಯದ ಕೆಲಸ. ಆ ದಾನದೊಡನೆ ಸತ್ಯವನ್ನೂ ಕೊಡೋಣ.