ನೊಣದ ಮೊಟ್ಟೆ ಕಲಿಸುವ ಪಾಠ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಕಳಿತ ಬಾಳೆಹಣ್ಣಿಗೆ ಮುತ್ತುವ ಚಿಕ್ಕ ನೊಣವನ್ನು ನಾವು ಕೈಬೀಸಿ ಓಡಿಸುತ್ತೇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅದೇ ಡ್ರೊಸೊಫಿಲಾ ನೊಣಗಳನ್ನು ಸೀಸೆಗಳಲ್ಲಿ ಸಾಕಿ ಅಧ್ಯಯನ ಮಾಡುತ್ತಾರೆ.

ಅದರ ಮೊಟ್ಟೆಯಿಂದ ಸುಮಾರು ಒಂದೇ ದಿನದಲ್ಲಿ ಮರಿಹುಳು ಹೊರಬರುತ್ತದೆ. ಭ್ರೂಣದ ಉದ್ದಕ್ಕೂ ಇರುವ ಜೀನ್‌ಗಳು ಒಂದೇ. ಹಾಗಾದರೆ ಒಂದು ತುದಿ ತಲೆ, ಇನ್ನೊಂದು ಬಾಲ ಆಗುವುದು ಹೇಗೆ?

ಮೊಟ್ಟೆಯ ಮುಂತುದಿಯಲ್ಲಿ ತಾಯಿ ಒಂದು ಆರ್‌ಎನ್‌ಎಯನ್ನು ಇಟ್ಟಿರುತ್ತದೆ. ಅದರಿಂದ ಬೈಕಾಯ್ಡ್ ಎಂಬ ಪ್ರೋಟೀನ್ ತಯಾರಾಗುತ್ತದೆ. ಮುಂದೆ ದಟ್ಟ, ಹಿಂದಕ್ಕೆ ಹೋದಂತೆ ತೆಳು. ದಟ್ಟವಿದ್ದಲ್ಲಿ ಹಂಚ್‌ಬ್ಯಾಕ್‌ನಂಥ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಅವು ಕೆಲವು ಜೀನ್‌ಗಳನ್ನು ಎಬ್ಬಿಸಿ, ಕೆಲವನ್ನು ತಡೆಯುತ್ತವೆ. ಮೊದಮೊದಲು ತಾಯಿಯ ಬುತ್ತಿಯಲ್ಲೇ ನಡೆದ ಭ್ರೂಣ, ಸುಮಾರು 3 ಗಂಟೆಯೊಳಗೆ ತನ್ನ ಜೀನ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸತೊಡಗುತ್ತದೆ. ತಾಯಿಯಲ್ಲಿ ಬೈಕಾಯ್ಡ್ ಜೀನ್ ಕೆಟ್ಟಿದ್ದರೆ, ತಂದೆಯಿಂದ ಒಳ್ಳೆಯ ಪ್ರತಿ ಬಂದರೂ ಮರಿಗೆ ತಲೆ ಮೂಡದು. ಇಂಥ ಜೀನ್‌ಗಳನ್ನು ಹುಡುಕಿದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್, ಎರಿಕ್ ವೀಶೌಸ್ ಅವರು ಎಡ್ವರ್ಡ್ ಲೂಯಿಸ್ ಜತೆ 1995ರ ನೊಬೆಲ್ ಹಂಚಿಕೊಂಡರು.

‘ಹುಟ್ಟಿನಲ್ಲೇ ಬರೆದಿದೆ’ ಎಂದು ಮಕ್ಕಳ ಬಗ್ಗೆ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನೊಣದ ಮೊಟ್ಟೆಯಲ್ಲೂ ಬರೆದಿದ್ದರಷ್ಟೇ ಸಾಲದು. ಹೊತ್ತಿಗೆ ಸರಿಯಾಗಿ, ಸರಿಯಾದ ಜಾಗದಲ್ಲಿ ಅದನ್ನು ಓದಬೇಕು. ಆ ಮಾತು ಆಡುವ ಮುನ್ನ ಇದನ್ನು ನೆನೆಯೋಣ.