ಬೆಟ್ಟದ ಊರಿನ ಉತ್ತರಾಯಣ ಹಬ್ಬ

(ಸಂಕ್ರಾಂತಿಗೆ ಮುಂಚೆ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಈ ಸಲ ಗೊಬ್ಬರದ ಮಾತನ್ನಾಗಲಿ, ಔಷಧಿಯ ಮಾತನ್ನಾಗಲಿ ಆಡುವುದಿಲ್ಲ. ಸಂಕ್ರಾಂತಿ ಹತ್ತಿರ ಬಂದಿದೆ, ಹಬ್ಬದ ಮಾತನ್ನೇ ಆಡುತ್ತೇನೆ. ಹಿಮಾಲಯದ ಒಂದು ಸಣ್ಣ ಊರು ಇದೇ ದಿನವನ್ನು ಹೇಗೆ ಆಚರಿಸುತ್ತದೆ ಎಂಬುದನ್ನು ತಮಗೆ ತಿಳಿಸಬೇಕೆಂದಿದ್ದೇನೆ. ಆ ಊರಿನ ಕಥೆಯಿಂದ ನಾನೊಂದು ಪಾಠ ಕಲಿತೆ. ಅದನ್ನು ತಮ್ಮ ಮುಂದೆ ಒಪ್ಪಿಸುವುದು ನನ್ನ ಮೇಲಿರುವ ಸಾಲ.

ಮೊದಲು ಸೂರ್ಯನ ಲೆಕ್ಕ ನೋಡೋಣ. ವರ್ಷದ ಅತಿ ಚಿಕ್ಕ ಹಗಲು ಬರುವುದು ಡಿಸೆಂಬರ್ 21 ಇಲ್ಲವೆ 22ರಂದು. ಅಲ್ಲಿಂದಾಚೆಗೆ ಸೂರ್ಯ ಉತ್ತರದ ಕಡೆಗೆ ತಿರುಗುತ್ತಾನೆ. ಹಾಗಾದರೆ ನಮ್ಮ ಉತ್ತರಾಯಣ ಪುಣ್ಯಕಾಲ ಜನವರಿ 14 ಅಥವಾ 15ಕ್ಕೆ ಬರುವುದೇಕೆ? ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದವು. ತಿರುಗುವ ಬುಗುರಿಯ ತಲೆ ಓಲಾಡುವಂತೆ ಭೂಮಿಯೂ ಬಹು ನಿಧಾನವಾಗಿ ಓಲಾಡುತ್ತದೆ. ನಮ್ಮ ಪಂಚಾಂಗ ರಾಶಿಗಳನ್ನು ಹಿಡಿದು ಎಣಿಸುವುದರಿಂದ, ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಅಂತರ ಬೆಳೆದು ಈಗ ಮೂರು ವಾರಕ್ಕೂ ಹೆಚ್ಚಾಗಿದೆ. ಆದರೂ ಹಬ್ಬದ ಅರ್ಥ ಬದಲಾಗಿಲ್ಲ. ಕತ್ತಲೆ ಕುಗ್ಗುತ್ತದೆ, ಬೆಳಕು ಹಿಗ್ಗುತ್ತದೆ ಎಂಬುದೇ ಅದರ ಅರ್ಥ.

ಇದನ್ನು ನಮಗಿಂತ ಮೊದಲು ತಿಳಿಯುವುದು ನಮ್ಮ ಹೊಲದ ಅವರೆ ಗಿಡ. ನಾಟಿ ಅವರೆಯನ್ನು ಮುಂಗಾರಿನಲ್ಲಿ ಬಿತ್ತಿದರೂ ಅದು ಹಗಲು ಕುಗ್ಗುವ ತನಕ ಬಳ್ಳಿ ಬೆಳೆಸುತ್ತಾ ಕಾಯುತ್ತದೆ, ಅನಂತರವೇ ಹೂ ಬಿಡುತ್ತದೆ. ಅದರಿಂದಲೇ ಸೊಗಡಿನ ಅವರೆ ಚಳಿಗಾಲದ ಹಬ್ಬಕ್ಕೆ ಸರಿಯಾಗಿ ಬರುವುದು. ಹೆಬ್ಬಾಳ ಅವರೆ-3ರಂತಹ ತಳಿಗಳು ಹಗಲಿನ ಲೆಕ್ಕ ನೋಡದೆ ಎಲ್ಲ ಕಾಲದಲ್ಲೂ ಕಾಯಿ ಕೊಡುತ್ತವೆ, ಆ ಮಾತು ಬೇರೆ.

ನಮ್ಮ ಸೀಮೆಯಲ್ಲಿ ಅತಿ ಚಿಕ್ಕ ಹಗಲೆಂದರೂ ಹನ್ನೊಂದು ಗಂಟೆಗೆ ಮೇಲಿದೆ. ನಾನು ಹೇಳಹೊರಟ ಬಾಗೇಶ್ವರದಲ್ಲಿ ಅದು ಹತ್ತೂಕಾಲು ಗಂಟೆ ಮಾತ್ರ. ಬಾಗೇಶ್ವರ ಉತ್ತರಾಖಂಡದ ಕುಮಾವೂಂ ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಸರಯೂ ಮತ್ತು ಗೋಮತಿ ಎಂಬ ಎರಡು ಹೊಳೆಗಳು ಅಲ್ಲಿ ಕೂಡುತ್ತವೆ. ಈ ಗೋಮತಿ ಲಖನೌ ಪಟ್ಟಣದ ಗೋಮತಿಯಲ್ಲ, ಬೆಟ್ಟದ್ದೇ ಬೇರೊಂದು ಹೊಳೆ. ಸಂಗಮದ ದಡದಲ್ಲಿ ಬಾಗನಾಥನೆಂಬ ಶಿವನ ಗುಡಿಯಿದೆ. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಸಣ್ಣ ಸಣ್ಣ ಹೊಲಗಳು. ಚಳಿಗಾಲದಲ್ಲಿ ಅವುಗಳಲ್ಲಿ ಗೋಧಿ, ಮಸೂರಬೇಳೆ, ಸಾಸುವೆ ಬೆಳೆಯುತ್ತಾರೆ. ಗೋಧಿ ನಮ್ಮ ಅವರೆಗೆ ತದ್ವಿರುದ್ಧ: ಹಗಲು ಬೆಳೆದಂತೆಲ್ಲ ಅದು ತೆನೆಯ ಕಡೆಗೆ ನಡೆಯುತ್ತದೆ. ಸೂರ್ಯ ತಿರುಗಿದನೆಂದರೆ ಅಲ್ಲಿನ ರೈತನಿಗೆ ಎಷ್ಟು ನೆಮ್ಮದಿ ಎಂಬುದನ್ನು ತಾವೇ ಊಹಿಸಬಹುದು.

ಅಲ್ಲಿ ಈ ಹಬ್ಬ ಮೊದಲು ಮಕ್ಕಳದು. ಗೋಧಿ ಹಿಟ್ಟನ್ನು ಬೆಲ್ಲದ ನೀರಿನಲ್ಲಿ ಕಲಸಿ, ಹೊಸೆದು, ಸುರುಳಿ, ಡಮರು, ಕತ್ತಿ, ಗುರಾಣಿ, ದಾಳಿಂಬೆ ಹೂ ಮೊದಲಾದ ಆಕಾರ ಮಾಡಿ ಕರಿಯುತ್ತಾರೆ. ಇದಕ್ಕೆ ಘುಘುತೆ ಎಂದು ಹೆಸರು. ಕರಿದುದನ್ನು ದಾರಕ್ಕೆ ಪೋಣಿಸಿ, ನಡುವೆ ಒಂದು ಕಿತ್ತಳೆ ಕಟ್ಟಿ, ಮಕ್ಕಳ ಕೊರಳಿಗೆ ಹಾಕುತ್ತಾರೆ. ಮಕ್ಕಳು ನಸುಕಿನಲ್ಲೇ ಎದ್ದು ಅಂಗಳಕ್ಕೆ ಬಂದು ಕಾಗೆಗಳನ್ನು ಕೂಗಿ ಕರೆದು ತಿನಿಸುತ್ತಾರೆ. ಸರಯೂವಿನ ಆಚೆ ದಡದವರಿಗೂ ಈಚೆಯವರಿಗೂ ಇದರಲ್ಲಿ ಒಂದು ದಿನದ ವ್ಯತ್ಯಾಸವುಂಟು. ಚಳಿಗೆ ಹೆದರಿ ಬೇರೆ ಹಕ್ಕಿಗಳು ತಗ್ಗು ಸೀಮೆಗೆ ಇಳಿದು ಹೋದರೂ ಕಾಗೆ ಊರು ಬಿಡುವುದಿಲ್ಲ, ಆದುದರಿಂದ ಅದಕ್ಕೆ ಈ ಮರ್ಯಾದೆ ಎಂದು ಹೇಳುವವರಿದ್ದಾರೆ. ಕಷ್ಟಕಾಲದಲ್ಲಿ ಜೊತೆಗಿದ್ದವರನ್ನು ನೆನೆಯುವುದು ಒಳ್ಳೆಯ ಪದ್ಧತಿಯಲ್ಲವೆ? ನಾವು ಎಳ್ಳುಬೆಲ್ಲ ಬೀರುವುದೂ, ದನಗಳ ಮೈ ತೊಳೆದು ಸಿಂಗರಿಸುವುದೂ ಇದೇ ಬಗೆಯದು.

ದೊಡ್ಡವರು ಸಂಗಮದ ಕೊರೆಯುವ ನೀರಿನಲ್ಲಿ ಮುಳುಗಿ ಏಳುತ್ತಾರೆ. ಆಮೇಲೆ ಜಾತ್ರೆ. ಇದು ಬರಿಯ ತೇರು ನೋಡುವ ಜಾತ್ರೆಯಲ್ಲ, ಬೆಟ್ಟದವರ ವರ್ಷದ ಸಂತೆ. ಗಡಿಯ ಕಣಿವೆಗಳ ಭೋಟಿಯ ವರ್ತಕರು ಉಣ್ಣೆಯ ಕಂಬಳಿ, ಜಮಖಾನ, ಬೆಟ್ಟದ ಗಿಡಮೂಲಿಕೆ ತಂದು ಮಾರುತ್ತಿದ್ದರು. ದಾನಪುರದವರು ಸಣ್ಣ ಬಿದಿರಿನ ಬುಟ್ಟಿ, ಚಾಪೆ ತರುತ್ತಿದ್ದರು. 1962ರ ಯುದ್ಧದಿಂದ ಟಿಬೆಟ್ಟಿನ ವ್ಯಾಪಾರ ನಿಂತುಹೋಯಿತು, ಜಾತ್ರೆ ಮಾತ್ರ ನಿಲ್ಲಲಿಲ್ಲ. ಹಿಂದಿನ ಕಾಲದಲ್ಲಿ ದೂರದ ಊರುಗಳಿಂದ ನಡೆದು ಬಂದವರಿಗೆ ಮಲಗಲು ಜಾಗವೆಲ್ಲಿ? ಬೆಂಕಿ ಹಾಕಿ, ಸುತ್ತ ಕೈ ಕೈ ಹಿಡಿದು ಬೆಳಗಾಗುವವರೆಗೂ ಹಾಡಿ ಕುಣಿದು ಚಳಿ ಕಳೆಯುತ್ತಿದ್ದರು.

ಇನ್ನು ಮುಖ್ಯವಾದ ಸಂಗತಿಗೆ ಬರುತ್ತೇನೆ.

ಬ್ರಿಟಿಷರ ಕಾಲದಲ್ಲಿ ಈ ಬೆಟ್ಟಗಳಲ್ಲಿ ಬಂಡಿ ಓಡುವ ದಾರಿ ಕಡಮೆ. ಅಧಿಕಾರಿ ದೌರೆ ಬಂದರೆ ಅವನ ಡೇರೆ, ಪೆಟ್ಟಿಗೆ, ಹಾಸಿಗೆಗಳನ್ನು ಹಳ್ಳಿಯವರೇ ಹೊರಬೇಕಾಗಿತ್ತು. ಹೊಲ ಕೊಯ್ಲಿಗೆ ಬಂದಿದ್ದರೂ ಸರಿಯೆ, ಮನೆಯಲ್ಲಿ ಕಾಯಿಲೆಯಿದ್ದರೂ ಸರಿಯೆ. ಕೂಲಿ ಸಿಕ್ಕರೆ ಹೆಸರಿಗಷ್ಟೆ, ಎಷ್ಟೋ ಸಲ ಅದೂ ಇಲ್ಲ. ಹಾಲು, ತುಪ್ಪ, ಸೌದೆಗಳನ್ನೂ ಅವರೇ ಒದಗಿಸಬೇಕು. ಅಲ್ಲಿ ಇದಕ್ಕೆ ಕೂಲಿ ಬೇಗಾರ್ ಎನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಬಿಟ್ಟಿ. ಯಾರ ಸರದಿ ಎಂದು ನೋಡಲು ಪ್ರತಿ ಹಳ್ಳಿಯ ಮುಖಂಡನ ಹತ್ತಿರ ಹೆಸರುಗಳ ಪುಸ್ತಕವಿರುತ್ತಿತ್ತು.

1921ರ ಜನವರಿಯಲ್ಲಿ ಉತ್ತರಾಯಣದ ಜಾತ್ರೆಗೆ ಸಾವಿರಾರು ರೈತರು ಸೇರಿದ್ದರು. ಬದರಿದತ್ತ ಪಾಂಡೆ ಮೊದಲಾದ ಮುಂದಾಳುಗಳು ಸರಯೂ ದಡದಲ್ಲಿ ಮಾತನಾಡಿದರು. ಜನರು ಸರಯೂವಿನ ನೀರನ್ನು ಕೈಯಲ್ಲಿ ಹಿಡಿದು, ಇನ್ನು ಮೇಲೆ ಬಿಟ್ಟಿ ಹೊರುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಹಳ್ಳಿಯ ಮುಖಂಡರು ತಾವು ತಂದಿದ್ದ ಪುಸ್ತಕಗಳನ್ನು ಹೊಳೆಗೆ ಎಸೆದರು. ಇಂಗ್ಲಿಷ್ ಅಧಿಕಾರಿಯೂ ಪೋಲೀಸರೂ ಅಲ್ಲೇ ಇದ್ದರು, ಆದರೆ ಅಷ್ಟು ಜನರ ಮುಂದೆ ಏನೂ ನಡೆಯಲಿಲ್ಲ. ಸ್ವಲ್ಪ ಕಾಲದಲ್ಲೇ ಆ ಪದ್ಧತಿ ರದ್ದಾಯಿತು. 1929ರಲ್ಲಿ ಗಾಂಧೀಜಿಯವರು ಬಾಗೇಶ್ವರಕ್ಕೆ ಹೋಗಿ ಬಂದರು. ಇಂದಿಗೂ ಅಲ್ಲಿ ಉತ್ತರಾಯಣವೆಂದರೆ ಪುಣ್ಯಸ್ನಾನದೊಂದಿಗೆ ಆ ದಿನದ ನೆನಪೂ ಸೇರಿದೆ.

ಈ ಕಥೆಯನ್ನು ನಾನು ಓದಿ ತಿಳಿದದ್ದು ಕಳೆದ ವರ್ಷ. ಓದುವಾಗ ನನಗೆ ಮೈ ಬೆವರಿತು. ಏಕೆಂದರೆ ನನ್ನ ಚೀಲದಲ್ಲಿಯೂ ಅಂಥದೇ ಒಂದು ಪುಸ್ತಕವಿತ್ತು.

ಹಿಂದಿನ ವರ್ಷ ಈ ವೃತ್ತದ ಒಂದು ಹಳ್ಳಿಯಲ್ಲಿ ಶ್ರಮದಾನದಿಂದ ಹೊಲದ ಕಡೆಗೆ ದಾರಿ ಮಾಡಿದೆವು. ಮನೆಗೊಬ್ಬರು ಬರಬೇಕೆಂದು ನಾನೇ ಸಾರಿಸಿದೆ. ಬಾರದ ಮನೆಗಳ ಹೆಸರನ್ನು ಬರೆದುಕೊಂಡು ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ನಾಚಿಕೆಯಿಂದಾದರೂ ಮುಂದಿನ ಸಲ ಬಂದಾರು ಎಂಬುದು ನನ್ನ ಎಣಿಕೆ. ಆಗ ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಎದ್ದು, “ಸ್ವಾಮೀ, ದಾನ ಕೊಟ್ಟವರ ಹೆಸರು ಬರೆಯುವುದನ್ನು ಕಂಡಿದ್ದೇನೆ. ಕೊಡದವರ ಹೆಸರು ಬರೆದರೆ ಅದು ದಾನವೋ ಬಿಟ್ಟಿಯೋ?” ಎಂದರು. ನಾನು ನಕ್ಕು ತೇಲಿಸಿಬಿಟ್ಟೆ.

ಆ ಪಟ್ಟಿಯಲ್ಲಿದ್ದ ಒಂದು ಹೆಸರು ಕೂಲಿ ಮಾಡಿ ಎರಡು ಮಕ್ಕಳನ್ನು ಸಾಕುವ ಒಬ್ಬ ತಾಯಿಯದು. ಒಂದು ದಿನ ಶ್ರಮದಾನಕ್ಕೆ ಬಂದರೆ ಆಕೆಗೆ ಒಂದು ದಿನದ ಅನ್ನ ಹೋಗುತ್ತದೆ. ನಾವು ಮಾಡಿದ ದಾರಿ ಹೋಗುವುದಾದರೂ ಎಲ್ಲಿಗೆ? ಹೊಲ ಇದ್ದವರ ಹೊಲಕ್ಕೆ. ಆಕೆಗೆ ಅಂಗೈಯಗಲ ಭೂಮಿಯಿಲ್ಲ. ಹತ್ತು ಎಕರೆಯವರಿಗೂ ಆಕೆಗೂ ನಾನು ಒಂದೇ ಅಳತೆ ಹಿಡಿದಿದ್ದೆ. ಆ ಸಭೆಯ ಮೇಲೆ ಆಕೆ ನನ್ನನ್ನು ಕಂಡರೆ ಬೇರೆ ಓಣಿಯಲ್ಲಿ ಹೋಗುತ್ತಿದ್ದರು. ಆಮೇಲೆ ನಾನೇ ಅವರ ಬಾಗಿಲಿಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಆದರೆ ತಪ್ಪು ಮಾಡಿದ್ದು ಸಭೆಯಲ್ಲಿ. ಆದುದರಿಂದ ಈ ಸಭೆಯಲ್ಲಿಯೂ ಹೇಳುತ್ತಿದ್ದೇನೆ.

ಈಗ ನಮ್ಮ ಹಬ್ಬದ ವಿಚಾರ. ನಾವು ಬಾಗೇಶ್ವರದವರಂತೆ ಹೊಳೆಯಲ್ಲಿ ಮುಳುಗಬೇಕಾಗಿಲ್ಲ, ಕಾಗೆಗಳನ್ನು ಕೂಗಬೇಕಾಗಿಲ್ಲ. ಎಳ್ಳುಬೆಲ್ಲ, ಕಬ್ಬು, ಹುಗ್ಗಿ, ಅವರೆಕಾಯಿ ನಮಗಿವೆ. ಆ ಹಬ್ಬದಿಂದ ಎರಡು ವಿಷಯಗಳನ್ನು ಮಾತ್ರ ತೆಗೆದುಕೊಳ್ಳೋಣ ಎಂದು ನನ್ನ ಅರಿಕೆ.

ಒಂದು, ಹಬ್ಬಕ್ಕೆ ಎಲ್ಲರೂ ಸೇರಿದಾಗ ಊರಿನ ಕೆಲಸದ ಮಾತನ್ನೂ ಆಡಿ ಮುಗಿಸುವುದು. ನಮ್ಮ ಕೆರೆಗೆ ನೀರು ತರುವ ಕಾಲುವೆಯಲ್ಲಿ ಜಾಲಿ ಬೆಳೆದಿದೆ, ಹೂಳು ತುಂಬಿದೆ. ಕಣದ ಕೆಲಸ ತೀರಿ, ಬಿಸಿಲು ಏರುವ ಮುಂಚಿನ ಈ ದಿನಗಳೇ ಅದಕ್ಕೆ ತಕ್ಕ ಕಾಲ. ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಕೆಲಸ ತೊಡಗೋಣ.

ಎರಡು, ಈ ಸಲ ಹಾಜರಿ ಪುಸ್ತಕ ಇರುವುದಿಲ್ಲ. ಕೆರೆಯ ಅಚ್ಚುಕಟ್ಟಿನಲ್ಲಿ ಗದ್ದೆ ಇರುವವರು ಮೊದಲು ಗುದ್ದಲಿ ಹಿಡಿಯಲಿ. ಹೆಚ್ಚು ಗದ್ದೆ ಇದ್ದವರು ಹೆಚ್ಚು ದಿನ ಬರಲಿ, ಬರಲಾಗದವರು ತಮ್ಮ ಪಾಲಿಗೆ ಕೂಲಿಯವರನ್ನು ಇಟ್ಟು ಪೂರಾ ಕೂಲಿ ಕೊಡಲಿ. ಭೂಮಿಯಿಲ್ಲದವರು ಮನಸ್ಸಿದ್ದರೆ ಬರಬಹುದು. ಬಾರದಿದ್ದರೆ ಯಾರೂ ಏಕೆಂದು ಕೇಳಕೂಡದು. ಇದು ನನ್ನ ಸಲಹೆ. ತೀರ್ಮಾನ ತಮ್ಮದು. ಈ ಸಲ ಅಳತೆಗೋಲು ಹಿಡಿಯುವವರೂ ತಾವೇ ಆಗಿರಿ.

ಕೊನೆಯದಾಗಿ ಒಂದು ಮಾತು. ಸಂಜೆ ದನಗಳನ್ನು ಕಿಚ್ಚು ಹಾಯಿಸುವಾಗ ಹುಲ್ಲನ್ನು ತೆಳ್ಳಗೆ ಹರಡಿರಿ, ಗಬ್ಬದ ಹಸುಗಳನ್ನೂ ಎಳೆಗರುಗಳನ್ನೂ ದೂರವಿಡಿರಿ. ಆ ಹಳೆಯ ಪುಸ್ತಕವನ್ನು ಇಂದು ತಂದಿದ್ದೇನೆ, ಇದೋ ನೋಡಿ. ಬಾಗೇಶ್ವರದವರಂತೆ ನೀರಿಗೆ ಹಾಕೋಣವೆಂದರೆ ನಮ್ಮ ಕಾಲುವೆಯಲ್ಲಿ ಹೂಳು ಇನ್ನಷ್ಟು ಹೆಚ್ಚೀತು. ಆದುದರಿಂದ ಕಿಚ್ಚಿಗೇ ಹಾಕುತ್ತೇನೆ. ದಯವಿಟ್ಟು ಎಲ್ಲರೂ ಬಂದು ನೋಡಬೇಕು.