ಮಾತು ಬಾರದ ಮಗು

ಹರವೆಯ ಅಕ್ಕತಂಗಿಯರೇ,

ಮಗುವಿಗೆ ಎರಡು ವರ್ಷ ತುಂಬಿತು. ಇನ್ನೂ ಮಾತಿಲ್ಲ. ನಾವು ಬಜೆ ತೇದು ನಾಲಿಗೆಗೆ ಸವರ್ತೀವಿ. "ಅವರಪ್ಪನೂ ತಡವಾಗೇ ಮಾತಾಡಿದ್ದು, ಬಿಡವ್ವ" ಅಂತೀವಿ. ಬಜೆಯಿಂದ ಮಾತು ಬಾರದು. ಕಿವಿ ಕೇಳದ ಮಗು ಮಾತು ಕಲಿಯೋದು ಹೇಗೆ? ಮೊದಲು ಕಿವಿ ತೋರಿಸೋಣ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಅಲ್ಲಿ ಕಿವಿ ಪರೀಕ್ಷೆ ಮಾಡ್ತಾರೆ. ಮಾತು ಕಲಿಸುವ ಬಗೆಯನ್ನು ತಾಯಿಗೂ ಹೇಳಿಕೊಡ್ತಾರೆ.

ಮನೆಯಲ್ಲಿ ಕಲಿಸೋಕೆ ದುಡ್ಡಿನ ಆಟಿಕೆ ಬೇಡ. ಲೋಟ ಸಾಕು. ಮಗುವನ್ನು ಎದುರಿಗೆ ಕೂರಿಸೋಣ. ನಮ್ಮ ಬಾಯಿ ಅದಕ್ಕೆ ಕಾಣಬೇಕು. ಅದು ನೋಡ್ತಿರುವಾಗಲೇ ಲೋಟದ ಕೆಳಗೆ ಬಾಳೆಹಣ್ಣಿನ ತುಂಡು ಬಚ್ಚಿಡೋಣ. "ಏನಿದೆ?" ಅಂತ ಕೇಳೋಣ. ಐದು ಎಣಿಸುವಷ್ಟು ಹೊತ್ತು ಕಾಯೋಣ. ಕಾಯೋದೇ ಕಷ್ಟ, ನಾವೇ ಹೇಳಿಬಿಡ್ತೀವಿ! ಮಗು "ಬಾಯೆ" ಅಂದರೆ ನಗಬಾರದು. "ಹೌದು ಮಗಾ, ಬಾಳೆಹಣ್ಣು" ಅಂದು ಕೊಡೋಣ. ಮತ್ತೆ ಬಚ್ಚಿಡೋಣ.